ಮೊಡವೆಗೆ ಸ್ಟಿರಾಯ್ಡ್ ಮುಲಾಮು: ಮಾರಾಟಕ್ಕೆ ಕಡಿವಾಣ ಬೇಕು

ಮಾನ್ಯ ಸಂಪಾದಕರೇ,

ಮೊಡವೆಗೆಂದು ಕೇಳಿದವರಿಗೆ, ವೈದ್ಯರ ಚೀಟಿಯಿಲ್ಲದೆಯೇ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಬೆರೆತ ಮುಲಾಮು ಕೊಟ್ಟು ಕಳಿಸುವ ಔಷಧ ಅಂಗಡಿಗಳು ಇನ್ನೂ ಇವೆ. ಈ ಸ್ಟಿರಾಯ್ಡ್‌ಗಳು ಮೊದಲ ಕೆಲವು ದಿನ ಕೆಂಪನ್ನೂ ಊತವನ್ನೂ ತಗ್ಗಿಸುವುದರಿಂದ ಗುಣವಾದಂತೆ ತೋರುತ್ತದೆ; ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕಿರುರಕ್ತನಾಳಗಳು ಎದ್ದು ಕಂಡು, ಒಂದೇ ಬಗೆಯ ಸಣ್ಣ ಗುಳ್ಳೆಗಳು ಏಳುತ್ತವೆ, ನಿಲ್ಲಿಸಿದರೆ ಉರಿ ಹೆಚ್ಚಿ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಚರ್ಮರೋಗ ತಜ್ಞರು ಇದನ್ನು ಅಧ್ಯಯನಗಳಲ್ಲಿ ದಾಖಲಿಸಿ ವರ್ಷಗಟ್ಟಲೆ ಎಚ್ಚರಿಸಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಷೆಡ್ಯೂಲ್ ‘ಎಚ್’ (ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧಗಳ ಪಟ್ಟಿ) ವ್ಯಾಪ್ತಿಗೆ ತಂದಿತು. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಪರೀಕ್ಷಿತ ಔಷಧಗಳು ಫಲ ಕೊಡಲು 8ರಿಂದ 12 ವಾರ ಬೇಕು. ಅಷ್ಟು ತಾಳ್ಮೆ, ಮದುವೆ ಹತ್ತಿರ ಬಂದವರಿಗಂತೂ, ಇರುವುದಿಲ್ಲ; ಬೇಗ ಗುಣವಾದಂತೆ ತೋರುವ ಸ್ಟಿರಾಯ್ಡ್ ಮುಲಾಮಿಗೇ ಮೊರೆಹೋಗುತ್ತಾರೆ. ಆದ್ದರಿಂದ ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿಗಳ ಮಾರಾಟದ ಬಿಲ್ಲುಗಳನ್ನು ಆಗಾಗ ತಪಾಸಣೆ ಮಾಡಬೇಕೆಂದು ವಿನಂತಿ.

– ಓದುಗ, ದಾವಣಗೆರೆ