ಅಕ್ಷರ ದೊಡ್ಡದಾಯ್ತು ದೋಸ್ತಾ

ದೋಸ್ತಾ,

ವಾಟ್ಸಾಪಲ್ಲಿ ಹೇಳಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಮುಗಿಸ್ತೀಯ, ಅದಕ್ಕೇ ಎಲ್ಲರೆದುರು ಇಲ್ಲೇ ಬರೀತಿದ್ದೇನೆ. ಕುಮಟಾ ಬಸ್ಸಿನ ಕಥೆ ತೆಗೆಯಲ್ಲ, ಹೆದರಬೇಡ.

ನನ್ನ ಬುಟ್ಟಿ, ಬಾಸಿಂಗದ ಅಂಗಡಿಗೆ ಹೊಸ ಬೋರ್ಡು ಆಯ್ತು ಮಾರಾಯ, ನೀ ಹೇಳ್ದಂಗೇ. ಹಳೇ ಫ್ಲೆಕ್ಸು ಎರಡು ಮಳೆಗಾಲಕ್ಕೇ ಬಿಳಿಚ್ಕೊಂಡಿತ್ತು, ಅದೂ ಗೋಡೆಗೆ ಒತ್ತಿ ಹಾಕಿದ್ದು, ಮಾರಿಗುಡಿ ಕಡೆಯಿಂದ ನಡ್ಕೊಂಡು ಬರೋರಿಗೆ ಅಂಗಡಿ ದಾಟಿ ಹೋದ್ರೂ ಕಾಣ್ತಿರ್ಲಿಲ್ಲ. ಈಗ ತಗಡಿನ ಮೇಲೆ ಪೇಂಟು, ರಸ್ತೆಗೆ ಅಡ್ಡಕ್ಕೆ. ಹತ್ತು ಅಡಿ ದೂರಕ್ಕೆ ಒಂದಿಂಚಿನ ಅಕ್ಷರ ಅಂದಿದ್ಯಲ್ಲ, ಟೇಪ್ ಹಿಡ್ಕೊಂಡು ಎದುರಿನ ಚಹಾ ಅಂಗಡಿವರೆಗೆ ಅಳೆದೆ, ಮೂವತ್ತು ಅಡಿ. ಆದ್ರೆ ಕನ್ನಡಕ್ಕೆ ಮೂರಿಂಚು ಸಾಲಲ್ಲ, ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿಗೆ ತಾಗ್ತದೆ, ನಾಲ್ಕು ಮಾಡ್ಸಿದೆ. ಕನ್ನಡ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಬೇಕು, ಅದೂ ಮೇಲ್ಗಡೆ ಬರ್ಬೇಕು. ನಂದ್ರಲ್ಲಿ ಮುಕ್ಕಾಲು ಕನ್ನಡ, ಸಹಸ್ರಲಿಂಗ, ಯಾಣ ನೋಡ್ಲಿಕ್ಕೆ ಬಂದೋರಿಗೆ ಕೆಳಗೆ ಒಂದು ಸಾಲು ಇಂಗ್ಲಿಷು.

ಒಳಗೆ "ಮುಟ್ಟಬೇಡಿ" ತೆಗೆದು "ಎರಡೂ ಕೈಯಲ್ಲಿ ಎತ್ತಿ ನೋಡಿ" ಅಂತ ಬರೆದೆ, ಬೆಂಡಿನ ಬಾಸಿಂಗ ಮಾತ್ರ ಗಾಜಿನೊಳಗೆ. ರೇಟು ಮೊದ್ಲು ತಳದಲ್ಲಿ ಸಣ್ಣ ಸ್ಟಿಕರಲ್ಲಿತ್ತು, ಕೇಳ್ಲಿಕ್ಕೆ ಸಂಕೋಚ ಪಟ್ಕೊಂಡು ಎಷ್ಟೋ ಜನ ವಾಪಸ್ ಹೋಗ್ತಿದ್ರು. ಈಗ ಕಣ್ಣಿನ ಮಟ್ಟಕ್ಕೆ ಕಾರ್ಡು, ಕಪ್ಪಲ್ಲಿ ದಪ್ಪ ಅಂಕಿ. ಒಂದೇ ವಾರದಲ್ಲಿ ಹನ್ನೊಂದು ಬುಟ್ಟಿ ಹೋಯ್ತು.

ಆಮೇಲೆ ಗುರುವಾರ ಸಿದ್ದಾಪುರ ಕಡೆಯ ಅಕ್ಕ ಬಂದ್ರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಲಿಕ್ಕೆ ಚಿತ್ತಾರ ಬರೀತಾರಲ್ಲ ಭೂಮಣ್ಣಿ ಬುಟ್ಟಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಲ್ಲಿ ಪುಂಡಿನಾರಿನ ಬ್ರಶ್ಶಲ್ಲಿ ಕೂದಲೆಳೆಯಷ್ಟು ಸಪೂರ ಗೆರೆ, ಅದನ್ನ ನಂಗೆ ಬರೆದುಕೊಡೋರು ಅವ್ರೇ. ಹಳೇ ಸೀರೆ ಬಿಚ್ಚಿ ಆರು ಬುಟ್ಟಿ ಒಂದೊಂದಾಗಿ ಇಟ್ಟು ತಲೆ ಎತ್ತಿದ್ರು. ಎದುರಿಗೇ ಕಾರ್ಡು. "ಕೈಯಲ್ಲಿ ಬರೆದ ಚಿತ್ತಾರದ ಬುಟ್ಟಿ, 850 ರೂಪಾಯಿ." ನಾ ಅವ್ರಿಗೆ ಕೊಡೋದು 300.

ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಹಾಗೇ ಇದ್ದ ಬೆರಳನ್ನ ಆ ಅಂಕಿ ಮೇಲೆ ನಿಧಾನ ಆಡಿಸಿದ್ರು. "ಇದು ಬರೆದಿದ್ದು ಯಾರು ತಮ್ಮಾ?" ನಾನೇ ಅಂದೆ. "ಚೊಲೋ ಬಂದದೆ" ಅಂದು, ಹದಿನೆಂಟು ನೂರು ಎಣಿಸಿ ಸೆರಗಿಗೆ ಕಟ್ಕೊಂಡು ಬಸ್ಸಿಗೆ ಹೋದ್ರು.

ಬಾಡಿಗೆ, ಕರೆಂಟು, ಗಿರಾಕಿನೇ ಇಲ್ಲದ ಮಳೆಗಾಲ, ಎಲ್ಲ ಹೌದು. ಆ ರಾತ್ರಿ ಎಲ್ಲವನ್ನೂ ಕಳೆದು ಲೆಕ್ಕ ಹಾಕ್ದೆ. ಬುಟ್ಟಿಗೆ 450 ಕೊಟ್ರೂ ಅಂಗಡಿ ನಡೀತದೆ. ಹೋದ ವರ್ಷವೂ ನಡೀತಿತ್ತು. ಆ ಸಣ್ಣ ಸ್ಟಿಕರ್ ತಳಕ್ಕೆ ಹಚ್ತಿದ್ದದ್ದು ಅಕ್ಕನ ಕಣ್ಣು ತಪ್ಪಿಸ್ಲಿಕ್ಕೇ ಆಗಿತ್ತು ದೋಸ್ತಾ. ಇದನ್ನ ಮನೆಯಲ್ಲೂ ಹೇಳಿರ್ಲಿಲ್ಲ. ಮತ್ತೆ ಕಾರ್ಡಲ್ಲಿ ಕೈಯಲ್ಲಿ ಬರೆದದ್ದು ಅಂತಿದೆ, ಯಾರ ಕೈ ಅಂತಿಲ್ಲ.

ಸಾಕು ಬಿಡು, ತುಂಬಾ ಬರೆದೆ. ಆ ಆರು ಬುಟ್ಟಿಗೂ ಸೇರಿಸಿ ಬಾಕಿ ದುಡ್ಡು ಎತ್ತಿಟ್ಟಿದ್ದೇನೆ, ಮುಂದಿನ ಗುರುವಾರ ಅವ್ರು ಬಂದಾಗ ಹೆಸರು ಹೇಗೆ ಬರೀಬೇಕು ಅಂತ ಅವ್ರನ್ನೇ ಕೇಳ್ತೇನೆ. ಎಷ್ಟಿಂಚು ಇರ್ಬೇಕು ಅಂತ ನೀ ಹೇಳು.

ತೊಡದೇವು ಕಳಿಸಿದ್ದೇನೆ, ಮುರೀದೆ ಬಂದ್ರೆ ಫೋಟೋ ಹಾಕು, ಮುರಿದಿದ್ರೆ ಹಾಲಿಗೆ ಹಾಕ್ಕೊಂಡು ತಿನ್ನು.