ಗಲ್ಲಿನ ಮಸೂದೆಗೆ ಕೈ ಎತ್ತುವ ಮುಂಚೆ: ಕಥೋಲಿಕ ಶಾಸಕರೊಬ್ಬರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮರಣದಂಡನೆಯ ಮಸೂದೆ ಸದನಕ್ಕೆ ಬಂದರೆ ಅದರ ಪರ ಮತ ಹಾಕುತ್ತೇನೆ ಎಂದಿದ್ದೀರಿ. ಅಷ್ಟೇ ಆಗಿದ್ದರೆ ಬಹುಶಃ ನಾನು ಬರೆಯುತ್ತಿರಲಿಲ್ಲ. ಆದರೆ ಜೊತೆಗೆ "ನಾನೂ ಕಥೋಲಿಕನೇ, ನನ್ನ ಧರ್ಮ ಇದನ್ನು ಬೇಡ ಅನ್ನುವುದಿಲ್ಲ" ಅಂತ ಸೇರಿಸಿದಿರಿ. ನಾನೂ ಅದೇ ಧರ್ಮಸಭೆಯವನು, ಅಂದರೆ ಅದೇ ಚರ್ಚಿನವನು. ಸುಮ್ನಿರಲು ಆಗಲಿಲ್ಲ.

ನಿಮಗೊಂದು ಹಳೆಯ ಕಾಗದದ ವಿಷಯ ಹೇಳಬೇಕು. ಅದನ್ನೂ ಬರೆದದ್ದು ಒಬ್ಬ ಅಧಿಕಾರಿಗೇ. ಉತ್ತರ ಆಫ್ರಿಕಾದಲ್ಲಿ, ಹೆಚ್ಚುಕಡಿಮೆ 412ರಲ್ಲಿ. ಧರ್ಮಸಭೆಯಿಂದ ಬೇರೆಯಾಗಿದ್ದ ಡೊನಾಟಿಸ್ಟ್ ಎಂಬ ಕ್ರೈಸ್ತ ಪಂಗಡದ ಕೆಲವರು ರೆಸ್ಟಿಟ್ಯೂಟಸ್ ಎಂಬ ಗುರುಗಳನ್ನು (ಪಾದ್ರಿಯನ್ನು) ಕೊಂದಿದ್ದರು. ಇನ್ನೊಸೆಂಟಿಯಸ್ ಎಂಬ ಇನ್ನೊಬ್ಬ ಗುರುಗಳ ಕಣ್ಣು ಕಿತ್ತು, ಬೆರಳು ಕತ್ತರಿಸಿದ್ದರು. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡೂ ಬಿಟ್ಟರು. ವಿಚಾರಣೆ ನಡೆಸಿದವರು ಮಾರ್ಸೆಲ್ಲಿನಸ್ ಎಂಬ ರೋಮನ್ ಅಧಿಕಾರಿ. ಅವರೂ ಕಥೋಲಿಕರೇ, ನಿಮ್ಮ ಹಾಗೆ.

ಹಿಪ್ಪೋದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಅವರಿಗೆ ಪತ್ರ ಬರೆದರು. ಸತ್ತವರು ಅಗಸ್ಟೀನರ ಕಡೆಯವರು, ಅದನ್ನು ನೆನಪಿಡಿ. ಅಪರಾಧಿಗಳನ್ನು ಬಿಟ್ಟುಬಿಡಿ ಅಂತ ಅವರು ಕೇಳಲಿಲ್ಲ. ಕೊಲ್ಲಬೇಡಿ, ಅವರು ಮಾಡಿದ್ದನ್ನೇ ಅವರಿಗೆ ತಿರುಗಿ ಮಾಡಬೇಡಿ, ಕೈಕಾಲು ನೆಟ್ಟಗಿರಲಿ, ಯಾವುದಾದರೂ ಉಪಯೋಗದ ಕೆಲಸಕ್ಕೆ ಹಚ್ಚಿ ಎಂದರು. ನಾನು ನಿಮ್ಮಲ್ಲಿ ಕೇಳುತ್ತಿರುವುದೂ ಇದಕ್ಕಿಂತ ಜಾಸ್ತಿ ಏನಲ್ಲ.

ಆ ಪತ್ರ ತಲುಪಿ ಜಾಸ್ತಿ ದಿನ ಆಗಿರಲಿಲ್ಲ. 413ರಲ್ಲಿ ಮಾರ್ಸೆಲ್ಲಿನಸ್ ಮೇಲೆಯೇ ಆರೋಪ ಬಂತು. ಚಕ್ರವರ್ತಿಯ ವಿರುದ್ಧ ನಡೆದ ದಂಗೆಯಲ್ಲಿ ಕೈವಾಡವಿದೆ ಅಂತ. ಅಗಸ್ಟೀನರು ಅವರ ಪರವಾಗಿಯೂ ಬೇಡಿಕೊಂಡರು. ಉಪಯೋಗವಾಗಲಿಲ್ಲ, ಮರಣದಂಡನೆ ಆಯಿತು. ಆಮೇಲೆ ಚಕ್ರವರ್ತಿ ಹೊನೋರಿಯಸನೇ ಅವರ ಹೆಸರಿಗೆ ಅಂಟಿದ್ದ ಕಳಂಕ ತೆಗೆದ. ಇವತ್ತು ಧರ್ಮಸಭೆ ಅವರನ್ನು ಸಂತರೆಂದು ನೆನೆಯುತ್ತದೆ. ಹೆಸರು ವಾಪಸ್ ಬಂತು. ಆ ಮನುಷ್ಯ?

ಅದು ಚಕ್ರವರ್ತಿಗಳ ಕಾಲ, ಈಗ ಮೇಲ್ಮನವಿ ಇದೆ, ವಕೀಲರಿದ್ದಾರೆ ಅನ್ನಬಹುದು ನೀವು. ಸರಿ, ಹತ್ತಿರದ ಕಾಲಕ್ಕೇ ಬರೋಣ. ಕಥೋಲಿಕರೇ ಬಹುಪಾಲು ಇರುವ ಫಿಲಿಪ್ಪೀನ್ಸ್ 1987ರಲ್ಲಿ ಮರಣದಂಡನೆ ನಿಲ್ಲಿಸಿ, 1993ರಲ್ಲಿ ಮತ್ತೆ ತಂದಿತು. 1999 ಮತ್ತು 2000ದ ನಡುವೆ 7 ಜನರಿಗೆ ವಿಷದ ಚುಚ್ಚುಮದ್ದು ಕೊಟ್ಟು ಕೊಂದಿತು. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತನ್ನ ಮುಂದೆ ಬಂದಿದ್ದ ಇಂಥ ಪ್ರಕರಣಗಳನ್ನೆಲ್ಲ ಲೆಕ್ಕ ಹಾಕಿತು. ಕೆಳ ಕೋರ್ಟುಗಳು ಕೊಟ್ಟ ಮರಣದಂಡನೆಗಳಲ್ಲಿ ಶೇ. 71.77ರಷ್ಟನ್ನು ಬದಲಿಸಬೇಕಾಗಿ ಬಂದಿತ್ತು, ಇಲ್ಲವೇ ರದ್ದು ಮಾಡಬೇಕಾಗಿತ್ತು. 2006ರಲ್ಲಿ ಕಾನೂನನ್ನೇ ಕೈಬಿಟ್ಟರು.

ಇನ್ನು ನಮ್ಮ ಮನೆಯ ಹುಳುಕು. ಅದನ್ನು ಮುಚ್ಚಿಟ್ಟುಕೊಂಡು ವಾದ ಮಾಡಲು ನನಗೆ ಇಷ್ಟವಿಲ್ಲ. ಧರ್ಮಸಭೆ ನೂರಾರು ವರ್ಷ ಮರಣದಂಡನೆಯನ್ನು ಒಪ್ಪಿಕೊಂಡಿತ್ತು. ಕೊಳೆತ ಅಂಗವನ್ನು ಕತ್ತರಿಸಿ ದೇಹ ಉಳಿಸಿದ ಹಾಗೆ ಎಂದರು ಸಂತ ಥಾಮಸ್ ಅಕ್ವಿನಾಸ್. ಪೋಪರೇ ಆಳುತ್ತಿದ್ದ ರಾಜ್ಯದಲ್ಲಿ ಬುಗಾಟ್ಟಿ ಎಂಬ ಒಬ್ಬನೇ ವಧಕಾರ 1796ರಿಂದ ಶುರುಮಾಡಿ 500ಕ್ಕೂ ಹೆಚ್ಚು ಜನರ ಜೀವ ತೆಗೆದ. ವ್ಯಾಟಿಕನ್ ಕಾನೂನಿನಲ್ಲೂ ಪೋಪರ ಕೊಲೆಗೆ ಯತ್ನಿಸಿದವರಿಗೆ ಮರಣದಂಡನೆ ಇತ್ತು. ಯಾರ ಮೇಲೂ ಅದನ್ನು ಬಳಸಲಿಲ್ಲ, 1969ರಲ್ಲಿ ತೆಗೆದುಹಾಕಿದರು. 1981ರಲ್ಲಿ ಪೋಪ್ ಎರಡನೇ ಜಾನ್ ಪೌಲರಿಗೆ ನಿಜವಾಗಿಯೇ ಗುಂಡು ಬಿತ್ತು. ಅವರು 1983ರಲ್ಲಿ ಜೈಲಿಗೆ ಹೋಗಿ, ಗುಂಡು ಹಾರಿಸಿದವನ ಪಕ್ಕದಲ್ಲೇ ಕುಳಿತು ಮಾತಾಡಿದರು.

ಅದೇ ಪೋಪ್ 1995ರಲ್ಲಿ ಬರೆದರು: ಕೊಲೆಗಾರನೂ ತನ್ನ ಮಾನವ ಘನತೆ ಕಳೆದುಕೊಳ್ಳುವುದಿಲ್ಲ. ಬೈಬಲಿನಲ್ಲಿ ತಮ್ಮನನ್ನು ಕೊಂದ ಕಾಯಿನನ ಮೇಲೆ ದೇವರು ಗುರುತು ಹಾಕಿದ್ದು ಅವನನ್ನು ಯಾರೂ ಕೊಲ್ಲದಿರಲಿ ಅಂತ, ಅಲ್ವಾ? ಜನರನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದ ಸಂದರ್ಭ ಈಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದೂ ಹೇಳಿದರು. ಆಗಲೂ ಒಂದು ಕಿಂಡಿ ಉಳಿದಿತ್ತು. 2018ರಲ್ಲಿ ಪೋಪ್ ಫ್ರಾನ್ಸಿಸರು ಅದನ್ನೂ ಮುಚ್ಚಿದರು. ಧರ್ಮಸಭೆಯ ಅಧಿಕೃತ ಬೋಧನೆಗಳನ್ನು ಕೂಡಿಸಿಟ್ಟ ಧರ್ಮೋಪದೇಶ ಗ್ರಂಥದ 2267ನೇ ಕಲಮಿನ ಪ್ರಕಾರ ಈಗ ಮರಣದಂಡನೆಯನ್ನು ಒಪ್ಪಲಾಗದು. ಜಗತ್ತಿನಲ್ಲೆಲ್ಲ ಅದನ್ನು ರದ್ದು ಮಾಡಿಸಲು ಧರ್ಮಸಭೆ ದುಡಿಯುತ್ತದೆ ಎಂದೂ ಅಲ್ಲಿದೆ. ಧರ್ಮ ಇದನ್ನು ಬೇಡ ಅನ್ನುವುದಿಲ್ಲ ಎಂಬ ನಿಮ್ಮ ಮಾತು ಬಿದ್ದುಹೋಗುವುದು ಇಲ್ಲೇ.

ಸತ್ತವರ ಮನೆಯವರಿಗೆ ಏನು ಹೇಳಲಿ ಅಂತ ಕೇಳುತ್ತೀರಿ. ಇದಕ್ಕೆ ನನ್ನಲ್ಲಿ ಸಲೀಸಾದ ಉತ್ತರ ಇಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಕ್ಷಮಿಸಿ ಅಂತ ಅವರಿಗೆ ಬೋಧನೆ ಮಾಡುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಆದರೆ ಅವರ ಖರ್ಚುವೆಚ್ಚ, ಮಕ್ಕಳ ಓದು, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಪಾಡು, ಇದಕ್ಕೆಲ್ಲ ಒಂದು ಮಸೂದೆ ತನ್ನಿ. ಅದರ ಪರ ಮನೆಮನೆಗೆ ಹೋಗಿ ಸಹಿ ಕೂಡಿಸುತ್ತೇನೆ.

ಕಡೆಗೆ ಮತ ನಿಮ್ಮದು. ಪರವಾಗಿಯೇ ಹಾಕುತ್ತೇನೆ ಅಂದರೆ ಹಾಕಿ. ನಿಮ್ಮ ಕಾರಣ ನೀವು ಹೇಳಿಕೊಳ್ಳಿ. ಧರ್ಮಸಭೆಯ ಹೆಸರನ್ನು ಮಾತ್ರ ಆ ಭಾಷಣದಿಂದ ತೆಗೆದುಬಿಡಿ. ಅದಕ್ಕೂ ಮುಂಚೆ ಅಗಸ್ಟೀನರ 133ನೇ ಪತ್ರವನ್ನು ಒಮ್ಮೆ ಓದಿ. ಚಿಕ್ಕದು, ಓದಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕಥೋಲಿಕ ಮತದಾರ