ಲೈನ್ ಬಂದ್ ಮಾಡಿಯೇ ಪ್ಯಾನೆಲ್‌ಗೆ ಕೈ ಹಾಕಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ 22 ವರ್ಷದಿಂದ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಕರೆಂಟ್ ಅಂದರೆ ಎಲ್ಲರಿಗೂ ಶಾಕ್‌ನದ್ದೇ ಭಯ. ಆದರೆ ತಂತಿ ಮುಟ್ಟದೆಯೂ ಮನುಷ್ಯ ಸುಟ್ಟುಹೋಗಬಹುದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಫೌಂಡ್ರಿಯಲ್ಲಿ ಮೇನ್ ಪ್ಯಾನೆಲ್‌ನ (ಕರೆಂಟ್ ಹಂಚುವ ಪೆಟ್ಟಿಗೆಯ) ನಟ್ ಸಡಿಲಾಗಿತ್ತು. "ಎರಡ ನಿಮಿಷದ ಕೆಲಸ, ಲೈನ್ ಬಂದ್ ಮಾಡಬ್ಯಾಡ್ರಿ, ಫರ್ನೇಸ್ ನಡದೈತಿ" ಅಂದರು ಮೇಲಿನವರು. ನನ್ನ ಜೊತೆಗಾರ ಚಾಲೂ ಲೈನ್‌ನಲ್ಲೇ ಸ್ಪ್ಯಾನರ್ ಹಾಕಿದ. ಅದು ಜಾರಿ ಎರಡು ಬಸ್‌ಬಾರ್‌ಗಳ (ಕರೆಂಟ್ ಹರಿಯುವ ದಪ್ಪ ತಾಮ್ರದ ಪಟ್ಟಿಗಳ) ನಡುವೆ ಬಿತ್ತು. ಢಬ್ ಅಂತ ಸದ್ದು, ಕಣ್ಣು ಕುಕ್ಕುವ ಬೆಳಕು. ಹೊಗೆ ಇಳಿದಾಗ ಅವನ ಪಾಲಿಸ್ಟರ್ ಅಂಗಿಯ ತೋಳು ಕರಗಿ ಚರ್ಮಕ್ಕೆ ಅಂಟಿತ್ತು. ಸ್ಪ್ಯಾನರ್‌ನ ಬಾಯಿಯೇ ಇರಲಿಲ್ಲ. ಪ್ಯಾನೆಲ್ ಬಾಗಿಲಿನ ಒಳಮೈಗೆ ತಾಮ್ರದ ಹನಿಗಳು ಮೆತ್ತಿಕೊಂಡಿದ್ದವು. ಅವನಿಗೆ ಶಾಕ್ ಹೊಡೆದೇ ಇರಲಿಲ್ಲ.

ಇದೇ ಆರ್ಕ್ ಫ್ಲ್ಯಾಶ್. ಶಾರ್ಟ್ ಆದ ಜಾಗದಲ್ಲಿ ಗಾಳಿಯಲ್ಲೇ ಕರೆಂಟ್ ಹರಿಯುತ್ತದೆ. ಶಾಖ 19,000 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಸೂರ್ಯನ ಮೇಲ್ಮೈಯಲ್ಲಿರುವುದೇ ಸುಮಾರು 5,500 ಡಿಗ್ರಿ!

ಒಂದು 500 ಕೆವಿಎ ಸಾಮರ್ಥ್ಯದ ಟಿಸಿ (ಟ್ರಾನ್ಸ್‌ಫಾರ್ಮರ್) ಫುಲ್ ಲೋಡ್‌ನಲ್ಲಿ ಕೊಡುವುದು ಸುಮಾರು 670 ಆಂಪಿಯರ್. ಅದರ ಪಕ್ಕದ ಪ್ಯಾನೆಲ್‌ನಲ್ಲಿ ನೇರ ಶಾರ್ಟ್ ಆದರೆ 13 ರಿಂದ 15 ಸಾವಿರ ಆಂಪಿಯರ್ ನುಗ್ಗಬಹುದು. ಆರ್ಕ್‌ನಲ್ಲಿ ಕರೆಂಟ್ ಅದಕ್ಕಿಂತ ಕಡಿಮೆ. ಕಡಿಮೆ ಅಂದರೆ ಒಳ್ಳೆಯದು ಅಂತ ಅಲ್ಲ. ಕರೆಂಟ್ ಕಡಿಮೆಯಾದಷ್ಟೂ ಕರೆಂಟ್ ಕಡಿಯಬೇಕಾದ ಬ್ರೇಕರ್ ತಡವಾಗಿ ಟ್ರಿಪ್ ಆಗಬಹುದು, ಆರ್ಕ್ ಉರಿಯುತ್ತಲೇ ಇರುತ್ತದೆ. ಉರಿಯುವ ಹೊತ್ತು ದುಪ್ಪಟ್ಟಾದರೆ ಸುಡುವ ಶಕ್ತಿಯೂ ದುಪ್ಪಟ್ಟು. ಆದರೂ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ ಅಂತ ಬ್ರೇಕರ್ ಸೆಟಿಂಗ್ ಏರಿಸಿ ಬಿಡುವವರು ಎಷ್ಟು ಜನ! ಎಚ್‌ಆರ್‌ಸಿ ಫ್ಯೂಸ್ ಹೋದ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದನ್ನು ನಾನೇ ಎಷ್ಟೋ ಸಲ ಬಿಚ್ಚಿ ತೆಗೆದಿದ್ದೇನೆ. ದೊಡ್ಡ ಶಾರ್ಟ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲೇ ಕರೆಂಟ್ ಕಡಿಯುವ ಫ್ಯೂಸ್ ಅದು.

ಆರ್ಕ್‌ನ ಸುಡುವ ಶಕ್ತಿ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು. ಐಇಇಇ ಅನ್ನುವ ಎಂಜಿನಿಯರ್‌ಗಳ ಸಂಸ್ಥೆಯ 1584 ಮಾನದಂಡದಲ್ಲಿ ಅದರ ವಿಧಾನ ಇದೆ, 2018ರಲ್ಲಿ ಪರಿಷ್ಕರಿಸಿದ್ದಾರೆ. ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ 1.2 ಕ್ಯಾಲೊರಿ ಬಿದ್ದರೆ ಬೊಬ್ಬೆ ಏಳುವಂಥ ಸುಟ್ಟಗಾಯ ಶುರುವಾಗುತ್ತದೆ. ಪ್ಯಾನೆಲ್‌ನಿಂದ ಎಷ್ಟು ದೂರದವರೆಗೆ ಆ ಅಪಾಯ, ಯಾವ ಬಟ್ಟೆ ಬೇಕು ಅನ್ನುವುದನ್ನು ಬಾಗಿಲ ಮೇಲೆ ಕನ್ನಡದಲ್ಲೇ ಅಂಟಿಸಬೇಕು. ಸಾದಾ ಹತ್ತಿ ಬಟ್ಟೆ ಕರಗುವುದಿಲ್ಲ ನಿಜ, ಆದರೆ ಹೊತ್ತಿಕೊಳ್ಳುತ್ತದೆ. ಆರ್ಕ್‌ಗೆಂದೇ ಮಾಡಿದ ಸೂಟು, ಮುಖಕ್ಕೆ ಶೀಲ್ಡು ಇವೆ. ಅವೂ ಕೊನೆಯ ಆಸರೆ ಮಾತ್ರ.

ಎಲ್ಲಕ್ಕಿಂತ ಜಾಸ್ತಿ ಜೀವ ಉಳಿಸುವುದು ಲೈನ್ ಬಂದ್ ಮಾಡಿ, ಬೀಗ ಹಾಕಿ, ಕರೆಂಟ್ ಇಲ್ಲ ಅಂತ ಟೆಸ್ಟ್ ಮಾಡಿ ಆಮೇಲೆ ಕೈ ಹಾಕುವುದು. ಅವಳಿನಗರದ ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೇ: ನಟ್ ಬಿಗಿ ಮಾಡುವ ಕೆಲಸವನ್ನು ವಾರದ ರಜೆಗೆ ಇಡಿ. ಚಾಲೂ ಲೈನ್‌ನಲ್ಲಿ ಒಲ್ಲೆ ಅಂದ ಹುಡುಗನ ಸಂಬಳ ಹಿಡಿಯಬೇಡಿ.

— ಒಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಹುಬ್ಬಳ್ಳಿ